ಎಡಗಿವಿ

ಡಿ ಮಾಯ್ನ್‌ನಲ್ಲಿ ಜನವರಿ. ಗಾಜಿನಾಚೆ
ನದಿಯೂ ಬಾಯಿ ಬಿಗಿದುಕೊಂಡಿದೆ.
ಒಳಗೆ, ನಾಲ್ಕನೇ ಮಹಡಿಯಲ್ಲಿ,
ಇನ್ನೂರು ಬಾಯಿಗಳು ಒಟ್ಟಿಗೆ ಹೇಳುತ್ತಿವೆ:
ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ.

ಅರ್ಥವಾಗಲು ನಮಗೆ ಕೊಟ್ಟ ಸಮಯ
ಆರು ನಿಮಿಷ ಹತ್ತು ಸೆಕೆಂಡು.
ಹನ್ನೊಂದನೆಯ ಸೆಕೆಂಡಿಗೆ ಪರದೆಯ ಮೂಲೆ ಹಳದಿ,
ಏಳು ತುಂಬಿದರೆ ಕೆಂಪು.
ಕೆಂಪಾದರೆ ಕರ್ಟ್ ಎದ್ದು ಬರುತ್ತಾನೆ. ಬೈಯುವವನಲ್ಲ, ಪಾಪ,
ಬೆನ್ನ ಹಿಂದೆ ನಿಂತು ಸುಮ್ಮನೆ ಕಾಫಿ ಕುಡಿಯುತ್ತಾನೆ.

ಉಚ್ಚೆಗೂ ಒಂದು ಗುಂಡಿಯಿದೆ, ಹೆಸರು ‘ಖಾಸಗಿ’.
ದಿನಕ್ಕೆ ಏಳು ನಿಮಿಷ.
ಬಸುರಿ ಕೆಜಾಯಾ ಡಾಕ್ಟರ ಚೀಟಿ ತಂದಳು;
ಹನ್ನೆರಡು ಮಾಡಿಕೊಟ್ಟರು, ಹೆರಿಗೆಯ ತಾರೀಖಿನವರೆಗೆ.
ಮಗು ನಾಲ್ಕು ದಿನ ತಡಮಾಡಿತು.
ಆ ನಾಲ್ಕು ದಿನ, ಮತ್ತೆ ಏಳೇ.

ಊಟದ ಕೋಣೆಯ ಗೋಡೆಯಲ್ಲಿ ಓಡುವ ಹೆಂಗಸಿನ ಚಿತ್ರ:
ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ,
ವಿಮೆಯ ಕಂತಿನಲ್ಲಿ ಇಪ್ಪತ್ತು ಡಾಲರು ಉಳಿಸಿರಿ.
ನನ್ನ ಹೆಡ್‌ಸೆಟ್ಟಿನ ವೈರು ಆರು ಅಡಿ.
ಗೂಟದ ಹಸುವಿಗೂ ಇದಕ್ಕಿಂತ ಉದ್ದ ಹಗ್ಗ
ಬಿಡುತ್ತಿದ್ದ ನನ್ನಪ್ಪ.

ಹದಿನಾಲ್ಕು ವರ್ಷ, ಒಂದೇ ಕಿವಿ.
ಅದರೊಳಗೆ ಅತ್ತವರೆಷ್ಟೋ, ಹಿಡಿಶಾಪ ಹಾಕಿದವರೆಷ್ಟೋ.
ಡಯಾಲಿಸಿಸ್ ಕುರ್ಚಿಯಿಂದಲೇ ಕರೆದಿದ್ದ ಒಬ್ಬ ಮುದುಕ
‘ನಿನ್ನ ಹೆಸರು ಬರೆದಿಟ್ಟುಕೊಳ್ಳುತ್ತೇನೆ, ತಡಿ’ ಎಂದು
ಪೆನ್ನು ಹುಡುಕುತ್ತಿದ್ದ, ಹುಡುಕುತ್ತಲೇ ಇದ್ದ.
ಮೂಲೆ ಕೆಂಪಾಯಿತು. ನಾನು ಕಾಯಲಿಲ್ಲ.

ಈಗ ಆ ಕಿವಿಯಲ್ಲೊಂದು ಜೀರುಂಡೆ ಮನೆಮಾಡಿದೆ.
ರಾತ್ರಿ ಮೂರಕ್ಕೆ ಫ್ರಿಜ್ಜಿನ ಸದ್ದು ನಿಂತ ಮೇಲೂ
ಅದು ನಿಲ್ಲುವುದಿಲ್ಲ.
ಡಾಕ್ಟರು ಸ್ಕ್ಯಾನ್ ಬರೆದರು.
ಹತ್ತು ದಿನಕ್ಕೆ ಮನೆಗೆ ಬಂತು
ನಮ್ಮದೇ ಲಕೋಟೆ, ನಮ್ಮದೇ ನೀಲಿ ಮೊಹರು:
ವೈದ್ಯಕೀಯ ಅಗತ್ಯ ಸಾಬೀತಾಗಿಲ್ಲ.
ಆ ವಾಕ್ಯ ನನಗೆ ಬಾಯಿಪಾಠ,
ನಡುವೆ ಎಲ್ಲಿ ಉಸಿರೆಳೆದುಕೊಳ್ಳಬೇಕೆಂಬುದೂ.

ನೌಕರರಿಗೂ ಅದೇ ನಂಬರು.
ಊಟದ ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ
ಪಿಯಾನೋ ಕೇಳಿದೆ. ಜೀರುಂಡೆಗೂ ಅದಕ್ಕೂ ಶ್ರುತಿ ಕೂಡಲಿಲ್ಲ.
ಆಮೇಲೆ ಬಂದದ್ದು ಸೆನಾದಾಳ ದನಿ.

ಗಾಜಿನ ಬಾಗಿಲಾಚೆ, ಮೂರನೇ ಸಾಲಿನಲ್ಲಿ, ಅವಳ ಬೆನ್ನು.
ನಾನೇ ಹೆಣೆದುಕೊಟ್ಟ ಬೂದು ಸ್ವೆಟರು.
ಒಂಬತ್ತು ವರ್ಷದಿಂದ ಅವಳ ಡಬ್ಬಿಯಲ್ಲಿ ಅರ್ಧ ನನ್ನದು.
ಮುತ್ತಿಗೆ ಬಿದ್ದ ಸರಾಯೆವೋದಲ್ಲಿ, ಹುಡುಗಿಯಾಗಿದ್ದಾಗ,
ಕೊಡ ಹಿಡಿದು ನೀರಿಗೆ ನಿಂತವಳು;
ಸಾಲಿನಲ್ಲಿ ಕಾಯುವುದೆಂದರೇನೆಂದು
ಅವಳಿಗೆ ಯಾವ ತರಬೇತಿಯೂ ಕಲಿಸಬೇಕಿರಲಿಲ್ಲ.

‘ನಿಮ್ಮ ಪೂರ್ಣ ಹೆಸರು, ಹುಟ್ಟಿದ ದಿನ?’
ಆ ದಿನದ ಕೇಕು ತರುವವಳೇ ಅವಳು.
‘ಲೊರೀನ್ ಗುಂದರ್ಸನ್,’ ಎಂದೆ, ‘ಮಾರ್ಚ್ ಒಂಬತ್ತು.’
ಬೆನ್ನು ತಿರುಗಲಿಲ್ಲ.
ನೆಟ್ಟಗಾಯಿತು, ಅಷ್ಟೆ.

ಕರೆ ದಾಖಲಾಗುತ್ತಿದೆ, ಇಬ್ಬರಿಗೂ ಗೊತ್ತು.
ಪರಿಚಿತರ ಕಡತ ಮುಟ್ಟುವಂತಿಲ್ಲ, ಅದೂ ಗೊತ್ತು.
ಬೇರೆಯವರಿಗೆ ದಾಟಿಸಬೇಕು;
ದಾಟಿಸಿದರೆ ನನಗೆ ಮತ್ತೆ ಪಿಯಾನೋ.
ಅವಳು ದಾಟಿಸಲಿಲ್ಲ. ವಾಕ್ಯ ಓದಿದಳು.
ನಾನು ಉಸಿರೆಳೆಯುವ ಜಾಗದಲ್ಲೇ
ಅವಳೂ ಎಳೆದಳು,
ಆದರೆ ಆ ಉಸಿರು ಹೊರಗೆ ಬರಲಿಲ್ಲ.

ಐದು ಸೆಕೆಂಡಿಗಿಂತ ಹೆಚ್ಚು ಮೌನವಿರಕೂಡದು, ನಿಯಮ.
ಇಪ್ಪತ್ತಾಯಿತು. ನಲವತ್ತು.
ಕೀಲಿಗಳ ಮೇಲಿಂದ ಕೈ ತೆಗೆದು
ತೊಡೆಯ ಮೇಲಿಟ್ಟುಕೊಂಡಳು, ಚರ್ಚಿನಲ್ಲಿ ಕೂತವರ ಹಾಗೆ;
ಅವಳು ಚರ್ಚಿಗೆ ಹೋಗುವವಳಲ್ಲ.
ಅವಳ ಪರದೆಯ ಮೂಲೆ ಇಲ್ಲಿಗೇ ಕಾಣುತ್ತಿತ್ತು, ಹಳದಿ,
ಆಮೇಲೆ ಕೆಂಪು.
ಲೋಟ ಹಿಡಿದು ಕರ್ಟ್ ಎದ್ದ.

ಆಗ ತಿರುಗಿದಳು.
ಗಾಜಿನಲ್ಲಿ ತುಟಿ ಮೊದಲು ಆಡಿತು,
ಅರ್ಧ ಸೆಕೆಂಡು ಬಿಟ್ಟು ಮಾತು ಬಂತು:
‘ಬಲಗಿವಿಗೆ ಇಟ್ಟುಕೋ, ಲೊರೀನ್.
ಮೇಲ್ಮನವಿ ಕಾಗದದಲ್ಲೇ ಹಾಕು. ಫ್ಯಾಕ್ಸು ಬೇಡ,
ಫ್ಯಾಕ್ಸುಗಳು ಎಲ್ಲಿಗೆ ಹೋಗುತ್ತವೋ ನಿನಗೂ ಗೊತ್ತು.
ಒಂದು ಹೆಸರು ಹೇಳುತ್ತೇನೆ,
ಬರೆದುಕೋ.’

ಕರ್ಟ್ ಎರಡನೇ ಸಾಲು ದಾಟಿದ್ದ.
ನಾನು ಪೆನ್ನು ಹುಡುಕತೊಡಗಿದೆ.